ಮೆತ್ತೆಯಣ್ಣನಿಗೆ ಬಾಕಿ ಇರುವ ಆರು ಕೈಗಳು

ಆರು ಜನ ಗಂಡಸರು ಮೆತ್ತೆಯಣ್ಣನಿಗೆ ತಲಾ ಒಂದು ಕೈ ಬಾಕಿ ಇಟ್ಟುಕೊಂಡಿದ್ದಾರೆ. ಎಲ್ಲರೆದುರು ಎತ್ತಬೇಕಾಗಿದ್ದ ಕೈ. ಇವತ್ತಿನವರೆಗೂ ಒಂದೂ ಮೇಲೆದ್ದಿಲ್ಲ.

ಮೆತ್ತೆಯಣ್ಣ ಹಳೆ ಸೋಫಾ, ಕುರ್ಚಿಗಳ ಮೆತ್ತೆ ಹೊಲಿಯುವವನು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನ ಅಂಗಡಿ. ಗಿರಾಕಿ ಬಂದರೆ ಇನ್ನೊಬ್ಬ ಗಿರಾಕಿಯ ಹರಿದ ಸೋಫಾದ ಮೇಲೆ ಕೂರಬೇಕು, ಸ್ಪ್ರಿಂಗು ಚುಚ್ಚಿದರೆ ಸಹಿಸಬೇಕು. ಸಣ್ಣ ಮೊಳೆಗಳನ್ನು ತುಟಿಯ ನಡುವೆ ಕಚ್ಚಿಕೊಂಡು ಒಂದೊಂದಾಗಿ ತೆಗೆದು ಬಡಿಯುತ್ತಾನೆ. ಹಾಗಾಗಿ ಹಗಲೆಲ್ಲ ಮಾತಿಲ್ಲ. ಸುತ್ತಿಗೆಯ ಸದ್ದಿಗೆ ಕಿವಿಯೂ ಅರ್ಧ ಮಂದ. ಜೊತೆಗಿರುವುದು ಹೆಂಡತಿಯ ತಾಯಿ. ಹಳೆ ಹೊಲಿಗೆ ಬಿಚ್ಚುವುದು ಆಕೆಯ ಅರ್ಧ ಕೆಲಸ, ಅಳಿಯನನ್ನು ಬೈಯುವುದು ಇನ್ನರ್ಧ. ಬಾಯಲ್ಲಿ ಮೊಳೆ ಇದ್ದವನ ಜೊತೆ ಜಗಳವಾಡಿ ಸುಖವಿಲ್ಲ ಎಂದು ಆಕೆ ಬಂದವರಿಗೆಲ್ಲ ದೂರುತ್ತಾಳೆ.

ಇಂಥವನನ್ನು ಏರ್‌ಸಾಫ್ಟ್ ಆಟಕ್ಕೆ ಎಳೆತಂದವನು ಅವನ ಬಾಮೈದ, ಅಂದರೆ ಈ ಅತ್ತೆಯ ಮಗ. ಮುಚ್ಚಿದ ಗಿರಣಿಯ ಗೋದಾಮಿನಲ್ಲಿ ಭಾನುವಾರ ಆಟ. ಗಿರಣಿ ಮುಚ್ಚಿದಾಗ ನಾವು ಕಾರ್ಮಿಕರು ಧರಣಿ ಕೂತಿದ್ದ ಗೇಟಿನಲ್ಲೇ ಈಗ ನಾನು ಟಿಕೆಟ್ ಹರಿಯುತ್ತೇನೆ. ಎರಡು ತಂಡ, ಕೈಗೆ ಆಟದ ಬಂದೂಕು, ಒಳಗೆ ಬಟಾಣಿಗಿಂತ ಚಿಕ್ಕ ಪ್ಲಾಸ್ಟಿಕ್ ಗುಂಡು. ಎದುರಾಳಿಯ ಬಾವುಟ ಮುಟ್ಟಿದವರು ಗೆದ್ದಂತೆ. ಗುಂಡು ತಾಗಿದರೆ ಮೈ ಚುರ್ ಅನ್ನುತ್ತದೆ ಅಷ್ಟೆ, ಬಣ್ಣ ಹತ್ತುವುದಿಲ್ಲ, ಗಾಯವೂ ಆಗುವುದಿಲ್ಲ. ತಾಗಿಸಿಕೊಂಡವನೇ ಕೈ ಎತ್ತಿ ‘ಬಿತ್ತು’ ಎಂದು ಕೂಗಿ ಹೊರನಡೆಯಬೇಕು. ಇನ್ನೊಬ್ಬನ ಪರವಾಗಿ ಕೂಗುವ ಹಾಗಿಲ್ಲ. ಇಡೀ ಆಟ ನಿಂತಿರುವುದು ಆ ಒಂದು ಕೈಯ ಮೇಲೆ. ತಾಗಿದರೂ ಎತ್ತದವನನ್ನು ಇಲ್ಲಿ ‘ನಡೆಯೋ ಹೆಣ’ ಅನ್ನುತ್ತಾರೆ. ಅದಕ್ಕಿಂತ ಕೀಳು ಬೈಗುಳ ಆ ಗೋದಾಮಿನಲ್ಲಿಲ್ಲ.

ಮೆತ್ತೆಯಣ್ಣನ ಗುರಿ ದೇವರಿಗೇ ಪ್ರೀತಿ. ಕೈ ಎತ್ತುವುದರಲ್ಲಿ ಮಾತ್ರ ಅವನೇ ಮೊದಲಿಗ. ಪಕ್ಕದ ಗೋಡೆಗೆ ಗುಂಡು ಬಡಿದದ್ದು ಕಂಡರೂ ಅನುಮಾನಕ್ಕೆ ಹೊರಗೆ ಬಂದುಬಿಡುತ್ತಿದ್ದ. ಫ್ಯಾನು ಹಾಕಿದರೂ ಸಾಯುತ್ತಾನೆ ಎಂದು ತಂಡದವರೇ ಆಡಿಕೊಳ್ಳುತ್ತಿದ್ದರು. ಅವನು ನಗುತ್ತಿದ್ದ. ವಾರವೆಲ್ಲ ಊರವರ ಕುಂಡಿಗೆ ಮೆತ್ತೆ ಹೊಲಿಯುವವನಿಗೆ ಆ ಭಾನುವಾರವೊಂದೇ ಸ್ವಂತದ್ದು.

ಚಳಿ ಶುರುವಾದಾಗ ತಂಡದ ಏಳೂ ಜನರಿಗೆ ಒಂದೇ ಥರದ ಜಾಕೆಟ್ ಹೊಲಿದುಕೊಟ್ಟ. ತನಗೆ ತಿಳಿದ ಹೊಲಿಗೆಯನ್ನೇ ಹೊಲಿದ. ಬೆನ್ನಿಗೆ, ಎದೆಗೆ ಸೋಫಾದ ಸ್ಪಂಜು ಇಟ್ಟ. ಬೆಚ್ಚಗಿರಲಿ, ಬಿದ್ದರೆ ಪೆಟ್ಟಾಗದಿರಲಿ ಎಂದು. ಅಲ್ಲಿಂದಾಚೆಗೆ ಆ ತಂಡ ಸಾಲಾಗಿ ಗೆಲ್ಲತೊಡಗಿತು. ಯಾಕೆ ಎಂದು ಗೆಲ್ಲುವವರು ಯಾವ ಕಾಲದಲ್ಲಿ ಕೇಳಿದ್ದಾರೆ?

ಕೇಳಿದವಳು ಎದುರು ತಂಡದ ಬಸ್ ಕಂಡಕ್ಟರಮ್ಮ. ಒಂದು ಭಾನುವಾರ ಕಂಬದ ಮರೆಯಿಂದ, ಹತ್ತೇ ಹೆಜ್ಜೆ ದೂರದಲ್ಲಿ, ಮೆತ್ತೆಯಣ್ಣನ ಬೆನ್ನಿಗೆ ನೆಟ್ಟಗೆ ಹೊಡೆದಳು. ಅವನು ತಿರುಗಿಯೂ ನೋಡದೆ ಹೋಗಿ ಬಾವುಟ ಮುಟ್ಟಿದ. ಅವಳು ಬಂದೂಕು ಕೆಳಗಿಟ್ಟು, ಟಿಕೆಟ್ ಇಲ್ಲದವನನ್ನು ಹಿಡಿದ ದನಿಯಲ್ಲಿ ಕೇಳಿದಳು.

“ಏನ್ರೀ ಮೆತ್ತೆಯಣ್ಣ, ಯಾವಾಗಿಂದ ಹೆಣ ಆದ್ರಿ?”

“ತಾಗಿಲ್ಲಮ್ಮ.”

“ಬೆನ್ನಿಗೆ ಬಿದ್ದದ್ದು ನನ್ ಕಣ್ಣಾರೆ ನೋಡಿದೀನಿ. ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ.”

ಅವನು ತಂಡದವರ ಮುಖ ನೋಡಿದ. ಅವರು ತಮ್ಮ ತಮ್ಮ ಬೂಟಿನ ಲೇಸು ನೋಡುತ್ತಿದ್ದರು. ತೀರ್ಪುಗಾರ, ಮುಂದಿನ ಭಾನುವಾರ ವಿಚಾರಿಸುತ್ತೇನೆ, ಕಳ್ಳತನವಾದರೆ ಈ ಗೋದಾಮಿನ ಬಾಗಿಲು ನಿನಗೆ ಮುಚ್ಚಿತು ಎಂದ.

ಮರುದಿನ ಅಂಗಡಿಯಲ್ಲಿ ಮೆತ್ತೆಯಣ್ಣ ಜಾಕೆಟ್ ಹಾಕಿಕೊಂಡು, ಬಂದೂಕನ್ನು ಅತ್ತೆಯ ಕೈಗೆ ಕೊಟ್ಟು, ಗೋಡೆಗೆ ಮುಖ ಮಾಡಿ ನಿಂತ. ಇಂಥ ಭಾಗ್ಯ ಎಷ್ಟು ಅತ್ತೆಯರಿಗೆ ಸಿಗುತ್ತದೆ? ಆಕೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಳು.

ಸ್ವಲ್ಪ ಹೊತ್ತು ಕಾದು ಅವನು, “ಹೊಡೀರಿ ಅತ್ತೆ” ಅಂದ.

“ಹೊಡೆದು ಮುಗೀತಲ್ಲಪ್ಪ. ಇನ್ನೆಷ್ಟು ಹೊಡೀಲಿ?”

ತಿರುಗಿ ನೋಡಿದರೆ ನೆಲದ ತುಂಬ ಗುಂಡುಗಳು ಉರುಳುತ್ತಿದ್ದವು. ಮೈಗೆ ಒಂದೂ ಗೊತ್ತಾಗಿರಲಿಲ್ಲ. ತಾಗಿದಾಗೆಲ್ಲ ಟಪ್ ಅಂತ ಸದ್ದು ಬರುತ್ತಲ್ಲ, ಕೇಳಿಸಲಿಲ್ಲವೇ ಎಂದು ಆಕೆ ಕೇಳಿದಳು. ಅವನ ಮಂದ ಕಿವಿಗೆ ಕೇಳಿಸಿರಲಿಲ್ಲ.

ಉಳಿದ ಆರು ಜನರ ಕಿವಿ ಚೆನ್ನಾಗಿಯೇ ಇದ್ದವು. ಅದು ತಿಳಿದದ್ದು ಆ ವಾರದಲ್ಲೇ. ಒಬ್ಬೊಬ್ಬರಾಗಿ ಬಂದರು, ಒಬ್ಬನಿಗೆ ಗೊತ್ತಾಗದಂತೆ ಇನ್ನೊಬ್ಬ. ಸೆಖೆಯಾಗುತ್ತದೆ, ಭಾರ ಅನ್ನಿಸುತ್ತದೆ, ಸ್ಪಂಜು ತೆಗೆದುಕೊಡು ಅಂದರು. ಕೊನೆಗೆ ಬಂದವನು ಬಾಮೈದ. ಮೆತ್ತೆಯಣ್ಣ ತುಟಿಯಲ್ಲಿ ಮೊಳೆ ಇಟ್ಟುಕೊಂಡೇ ಎಲ್ಲರದನ್ನೂ ಬಿಚ್ಚಿಕೊಟ್ಟ. ತನ್ನದನ್ನು ಹಾಗೇ ಬಿಟ್ಟ.

ಭಾನುವಾರ ಬಂತು. ಯಾರೂ ಕೇಳುವ ಮೊದಲೇ ಅವನು ಗೋದಾಮಿನ ನಡುವೆ ನಿಂತು ಕೈ ಎತ್ತಿದ.

“ಅವತ್ತು ಬಿತ್ತು. ನಂಗೆ ಗೊತ್ತಾಗ್ಲಿಲ್ಲ, ತಪ್ಪು ನನ್ ಹೊಲಿಗೇದು. ಆಟ ನಿಮ್ದು.”

ಕಂಡಕ್ಟರಮ್ಮ ಅವನ ಜಾಕೆಟ್ ಹಿಸುಕಿ ನೋಡಿದಳು. ಮಿಕ್ಕವರದೂ ಹೀಗೇ ಇದೆಯೇ ಎಂದು ಕೇಳಿದಳು. ಬಾಮೈದ ಎದೆಯುಬ್ಬಿಸಿ ಮುಂದೆ ಬಂದು, ಬೇಕಾದರೆ ಮುಟ್ಟಿ ನೋಡಿ, ಬರೀ ಬಟ್ಟೆ ಅಂದ. ಮುಟ್ಟಿದರು. ಬರೀ ಬಟ್ಟೆಯೇ. ಅಲ್ಲಿಗೆ, ಏಳು ಜನರಲ್ಲಿ ಒಬ್ಬನೇ ಕಳ್ಳ ಎಂದು ಕಣ್ಣೆದುರೇ ರುಜುವಾತಾಯಿತು. ಮೆತ್ತೆಯಣ್ಣ ಆ ಆರು ಜನರನ್ನು ಒಮ್ಮೆ ನೋಡಿದ. ತೀರ್ಪುಗಾರ ಬಾಗಿಲು ತೋರಿಸಿದ. ಅವನು ಹೊರಗೆ ಹೋದಾಗ ಗೇಟು ಹಾಕಿಕೊಂಡವನು ನಾನೇ. ಅವನು ಕಳ್ಳನೆಂದೇ ನಂಬಿದ್ದೆ.

ನಿಜ ಗೊತ್ತಾದದ್ದು ಗೇಟಿನ ಕುರ್ಚಿಯನ್ನು ರಿಪೇರಿಗೆ ಒಯ್ದ ದಿನ. ಅವನ ಅತ್ತೆ ಹೊಸ ದಪ್ಪ ಮೆತ್ತೆಯ ಮೇಲೆ ಕೂತು ಹೊಲಿಗೆ ಬಿಚ್ಚುತ್ತಿದ್ದಳು. ಭರ್ಜರಿ ಮೆತ್ತೆ ಎಂದೆ. ಆಕೆ ಎದ್ದು, ಒಳಗಿನ ಸ್ಪಂಜಿನ ತುಂಡುಗಳನ್ನು ಎಳೆದು ನನ್ನ ಮುಂದೆ ಹರವಿದಳು. ಅವುಗಳಲ್ಲಿ ಆರು ಬೆನ್ನಿನ ಆಕಾರದವು.

“ಇದ್ರಲ್ಲಿ ನಾನ್ ಹೆತ್ತೋನ್ದೂ ಒಂದಿದೆ,” ಅಂದಳು. “ದಿನಾ ಅದ್ರ ಮೇಲೇ ಕೂರ್ತೀನಿ.”

ಯಾಕೆ ಹೇಳಲಿಲ್ಲ ಮಾರಾಯ ಎಂದು ಮೆತ್ತೆಯಣ್ಣನ ಮೇಲೆ ರೇಗಿದೆ. ಅವನು ಮೊಳೆಗಳನ್ನು ಅಂಗೈಗೆ ಉಗುಳಿಕೊಂಡ.

“ಬಿದ್ದದ್ದು ಅವ್ರಿಗೆ. ಕೂಗ್ಬೇಕಾದೋರು ಅವ್ರು.”

ಮತ್ತೆ ಮೊಳೆ ಬಾಯಿಗೆ ಹೋಯಿತು. ಈಗ ಭಾನುವಾರವೂ ಅಂಗಡಿ ತೆರೆದಿರುತ್ತದೆ.

ಅವನ ನಿಯಮ ಅವನಿಗಿರಲಿ. ನಾನು ಆಟಗಾರನಲ್ಲ, ಗೇಟಿನವನು, ಕೂಗುತ್ತೇನೆ. ಆ ಆರು ಜನರೂ ಇದನ್ನು ಓದುತ್ತಾರೆ, ಗೊತ್ತು. ಅವತ್ತು ಜಾಕೆಟ್ ಮುಟ್ಟಿ ನೋಡಿ ತಲೆಯಾಡಿಸಿದವರೂ ಓದುತ್ತಾರೆ. ಈ ಗೋದಾಮು ಎಂದೂ ಕಾಣದ ನೀವೂ ಓದುತ್ತಿದ್ದೀರಿ. ನೀವು ಗೆದ್ದ ಒಂದು ಆಟವನ್ನು ನೆನೆದುಕೊಳ್ಳಿ. ಬೆನ್ನಿನ ಮೇಲೆ ಟಪ್ ಅಂದದ್ದು ಕೇಳಿಸಿತ್ತೋ ಇಲ್ಲವೋ? ಕೇಳಿಸಿದ್ದರೆ, ನಿಮ್ಮ ಬದಲಿಗೆ ಹೊರಗೆ ಹೋದವನು ಯಾರೆಂದು ನಿಮಗೆ ಗೊತ್ತೇ ಇರುತ್ತದೆ. ಅವನ ಅಂಗಡಿಗೆ ಹೋಗಿ, ನಾಲ್ಕು ಜನರೆದುರು ನಿಂತು, ಕೈ ಎತ್ತಿ.