ಸುಳಿ ನೋಡೋ ಕ್ಯಾಮೆರಾ

ಬಿಳಿಗೆರೆಯ ಒಂದು ತೆಂಗಿನ ತೋಟದಲ್ಲಿ ಮರಕುಟಿಗನ ಫೋಟೊಗಾಗಿ ಮೂರು ಭಾನುವಾರ ಕಾದಿದ್ದೆ. ಕೊನೆಗೂ ಅದು ತಲೆ ಮುರಿದ ಮರದ ಪೊಟರೆಯಿಂದ ಕತ್ತು ಹೊರಗೆ ಹಾಕಿತು. ನಾನು ಉಸಿರು ಬಿಗಿಹಿಡಿದು ಬಟನ್ ಒತ್ತಬೇಕು, ಅಷ್ಟರಲ್ಲಿ ಬೆನ್ನ ಹಿಂದೆ ತೋಟದ ಯಜಮಾನರು ಬಂದರು.

“ಸ್ವಾಮಿ, ಇದ್ರಲ್ಲಿ ಮರದ ಸುಳಿ ಕಾಣ್ತೈತಾ?”

ಹಕ್ಕಿ ಹಾರಿತು. ಸಿಟ್ಟು ನುಂಗಿಕೊಂಡು ಕ್ಯಾಮೆರಾದ ಉದ್ದ ಲೆನ್ಸಿನಲ್ಲಿ ಒಂದು ಮರದ ತುದಿ ತೋರಿಸಿದೆ. ಅದೇ ನಾನು ಮಾಡಿದ ತಪ್ಪು.

“ಅಯ್ಯೋ, ಕಾಯಿ ಮೇಲಿನ ನುಸಿ ರೋಗದ ಕಲೆನೂ ಕಾಣ್ತೈತಲ್ರೀ! ಮರ ಹತ್ತೋನು ತಿಂಗಳಿಂದ ನಾಳೆ ಬತ್ತೀನಿ ಅಂತವ್ನೆ. ಬನ್ನಿ, ಈ ಸಾಲು ನೋಡ್ಬುಡಾಣ.”

ಒಂದು ಸಾಲು ಅಂದವರು ಇಡೀ ತೋಟ ಸುತ್ತಿಸಿದರು. ಮರಕುಟಿಗ ನಮ್ಮ ಹಿಂದಿನ ಮರದಲ್ಲೇ ಕುಟುಕುತ್ತಿತ್ತು. ನಾನು ತಿರುಗಿದರೆ ಸಾಕು, ಮೊಣಕೈ ಹಿಡಿದು ಎಳೆಯುತ್ತಿದ್ದರು. “ಅದೆಲ್ಲಿಗೋಯ್ತದೆ, ದಿನಾ ಇಲ್ಲೇ ಇರ್ತೈತೆ ಬುಡಿ.”

ನನ್ನ ಹಕ್ಕಿ ಫೋಟೊಗಳನ್ನು ಹೆಂಡತಿ ಬಿಟ್ಟರೆ ಯಾರೂ ನೋಡುವುದಿಲ್ಲ. ಅವತ್ತು ಯಜಮಾನರಿಗೆ ತೆಗೆದು ಕಳಿಸಿದ, ನುಸಿ ಹತ್ತಿದ ಗೊನೆಯ ಫೋಟೊ ಮಾತ್ರ ಊರಿನವರ ಫೋನಿನಲ್ಲೆಲ್ಲ ಓಡಾಡಿತು. ಮುಂದಿನ ಭಾನುವಾರ ಬೆಳಗ್ಗೆ ಪಕ್ಕದ ತೋಟದವರೇ ಫೋನ್ ಮಾಡಿ ಕರೆದರು.

“ನಿಮ್ಮಲ್ಲಿ ಹಕ್ಕಿ ಇದಾವಾ?” ಎಂದು ಆಸೆಯಿಂದ ಕೇಳಿದೆ.

“ಇದ್ವು ಸಾರ್. ನಿಮ್ ಕೆಲ್ಸಕ್ಕೆ ಅಡ್ಡ ಬರಬಾರ್ದು ಅಂತ ಹೊತ್ತಾರೆನೇ ಎಲ್ಲಾನೂ ಓಡ್ಸಿದೀವಿ, ಬನ್ನಿ!”