ಮಂಡಿನೋವಿನ ಗುಳಿಗೆಗೆ ಅಕ್ಕನ ಸಾಕ್ಷಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಂಟಿಸಿದ್ದ ಲಕೋಟೆಯೊಂದನ್ನು ಟ್ಯೂಬ್‌ಲೈಟಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಒಳಗೇನಿದೆ ಎಂದು ನೋಡಲು ಹೋದವನು ನಾನು. ಅದೂ ಮೂವತ್ತು ವರ್ಷ ಹೆಲ್ತ್ ಇನ್‌ಸ್ಪೆಕ್ಟರಾಗಿ ಊರೂರಿಗೆ ಬುದ್ಧಿ ಹೇಳಿ ನಿವೃತ್ತನಾದ ಮೇಲೆ!

ದೇವನಹಳ್ಳಿಯ ಮನೆಯಲ್ಲಿ ಹೆಂಡತಿಯ ಕೈಗೂ ಕಾಲಿಗೂ ಅಡ್ಡ ಬರುತ್ತಾ ಕೂತಿದ್ದ ನನ್ನನ್ನು ಒಂದು ವೈದ್ಯಕೀಯ ಕಾಲೇಜಿನವರು ಕೆಲಸಕ್ಕೆ ಕರೆದರು. ಮಂಡಿನೋವಿಗೆ ಒಂದು ಹೊಸ ಗುಳಿಗೆ ಬಂದಿತ್ತು. ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಸುತ್ತಲ ಹಳ್ಳಿಗಳಲ್ಲಿ ಪರೀಕ್ಷೆ. ಅರ್ಧ ಜನಕ್ಕೆ ಹೊಸ ಗುಳಿಗೆ, ಇನ್ನರ್ಧಕ್ಕೆ ನೋಡಲು ಅದರಂತೆಯೇ ಇರುವ, ಒಳಗೆ ಔಷಧಿಯೇ ಇಲ್ಲದ ಖಾಲಿ ಗುಳಿಗೆ. ಮಾಮೂಲಿ ನೋವಿನ ಮಾತ್ರೆ, ವ್ಯಾಯಾಮ ಎಲ್ಲರಿಗೂ ಇದ್ದದ್ದೇ. ಯಾರಿಗೆ ಯಾವುದು ಎಂದು ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಆರಿಸುತ್ತಿತ್ತು. ಡಬ್ಬಿಯ ನಂಬರು ಮಾತ್ರ ಲಕೋಟೆಯಲ್ಲಿ ನಮ್ಮ ಕೈಗೆ ಬರುತ್ತಿತ್ತು. ಯಾವ ನಂಬರಿನಲ್ಲಿ ಯಾವ ಗುಳಿಗೆ ಎನ್ನುವುದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ, ನನಗಂತೂ ಗೊತ್ತೇ ಇಲ್ಲ.

ಕುಂದಾಣದ ನನ್ನ ಅಕ್ಕ ಮುನಿರತ್ನಮ್ಮನೂ ಬಂದಳು. ದ್ರಾಕ್ಷಿ ಚಪ್ಪರದ ಕೆಳಗೆ, ಹಸುಗಳ ಹಿಂದೆ ಸವೆದ ಮಂಡಿ ಅವಳದು. ಎಲ್ಲ ಕೇಳಿಕೊಂಡು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಮೆಲ್ಲಗೆ ನನ್ನ ಕಡೆ ಬಗ್ಗಿದಳು. “ಲೋ ಸೀನ, ನೀನೇ ಅಲ್ವೇನೋ ಇಲ್ಲಿರೋದು? ಒಳ್ಳೇದು ನೋಡಿ ಕೊಡೋ.”

ಅಮ್ಮ ಹೋದ ಮೇಲೆ ಮುದ್ದೆ ತಿರುವಿ ಹಾಕಿ ನನ್ನನ್ನು ಓದಿಸಿದವಳು ಅವಳು. ಟ್ಯೂಬ್‌ಲೈಟಿನ ಪ್ರಸಂಗ ನಡೆದದ್ದು ಆಗಲೇ. ಒಳಗೆ ಕಪ್ಪು ಕಾಗದ ಮಡಚಿಟ್ಟಿದ್ದರು, ಏನೂ ಕಾಣಲಿಲ್ಲ. ಕಂಡಿದ್ದರೂ ಕಾಣುತ್ತಿದ್ದದ್ದು ಬರೀ ಒಂದು ನಂಬರು. ಅದನ್ನು ಕಟ್ಟಿಕೊಂಡು ನಾನೇನು ಮಾಡುತ್ತಿದ್ದೆನೋ! ನಾಚಿಕೆಯಾಗಿ ನೇರ ಪರೀಕ್ಷೆ ನಡೆಸುತ್ತಿದ್ದ ಡಾಕ್ಟರಮ್ಮನ ಹತ್ತಿರ ಹೋಗಿ ಹೇಳಿದೆ. ನನ್ನ ಮಗಳ ವಯಸ್ಸಿನಾಕೆ. “ಇರ್ಲಿ ಬಿಡಿ ಸಾರ್. ನಮ್ಮಂಥೋರು ನೋಡ್ತೀವಿ ಅಂತಾನೇ ಕಪ್ಪು ಕಾಗದ ಇಟ್ಟಿರೋದು” ಎಂದು ನಕ್ಕರು. ಆದರೆ ಅಂದಿನಿಂದ ಅಕ್ಕನ ನೋವನ್ನು ಕೇಳಿ ಬರೆದುಕೊಳ್ಳುವ ಕೆಲಸ ನನ್ನ ಕೈತಪ್ಪಿ ಒಬ್ಬ ನರ್ಸಿಗೆ ಹೋಯಿತು.

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ ಎಂದು ನಾನೂ ಮೊದಮೊದಲು ಗೊಣಗಿದವನೇ. ಯೋಚಿಸಿದರೆ, ನೋವು ತಾರಕಕ್ಕೇರಿದ ದಿನವೇ ತಾನೆ ನಾವು ಔಷಧಿ ಹುಡುಕಿಕೊಂಡು ಹೊರಡುವುದು? ಅಷ್ಟು ಏರಿದ್ದು ಹೇಗೂ ಇಳಿಯಲೇಬೇಕು. ಇಳಿದರೆ ಕೀರ್ತಿ ಔಷಧಿಗೆ. ನನ್ನ ಮೂವತ್ತು ವರ್ಷದ ಕೈಗುಣದಲ್ಲಿ ಹೀಗೆ ತಾನಾಗಿ ಇಳಿದದ್ದೆಷ್ಟೋ, ದೇವರೇ ಬಲ್ಲ. ಜೊತೆಗೆ ನಮ್ಮ ಜನದ ದಾಕ್ಷಿಣ್ಯ ಬೇರೆ. ಅಕ್ಕನ ಪಕ್ಕದ ಮನೆಯ ಗೌರಮ್ಮ ತಿಂಗಳು ತಿಂಗಳೂ ನಮ್ಮಲ್ಲಿಗೆ ತಪಾಸಣೆಗೆ ಬಂದಾಗಲೆಲ್ಲ “ಏನ್ ಗುಳಿಗೆ ಕಣಮ್ಮ, ದೇವ್ರಂಗೈತೆ!” ಎಂದು ನರ್ಸಿಗೆ ಕೈಮುಗಿಯುತ್ತಿದ್ದಳು. ಅಕ್ಕನದು ಒಂದೇ ಉತ್ತರ: “ಏನೂ ಕಮ್ಮಿ ಆಗಿಲ್ಲ.”

ನಾಲ್ಕನೆಯ ತಿಂಗಳು ಅವಳ ಸೊಸೆ ಫೋನ್ ಮಾಡಿದಳು. “ಮಾವ, ಅತ್ತೆಗೆ ಬಸ್ಸು ಹತ್ತೋಕೂ ಆಗ್ತಿಲ್ಲ. ಬಿಟ್ಬಿಡ್ಲಿ ಅಂತೀನಿ.”

ಕುಂದಾಣಕ್ಕೆ ಹೋದೆ. ಅಕ್ಕ ಕೊಟ್ಟಿಗೆಯ ಮುಂದೆ ಕಾಲು ಚಾಚಿ ಕೂತಿದ್ದಳು, ಮಂಡಿ ಊದಿತ್ತು. “ಅಕ್ಕ, ಬಿಡೋದಾದ್ರೆ ಬಿಡು. ಯಾರೂ ಯಾಕೆ ಅಂತ ಕೇಳಂಗಿಲ್ಲ, ನಿನ್ನ ಚಿಕಿತ್ಸೆನೂ ನಿಲ್ಲಲ್ಲ” ಎಂದೆ.

ಅಕ್ಕ ಊದಿದ ಮಂಡಿಯನ್ನು ನೀವಿಕೊಂಡಳು. ಆಮೇಲೆ ಕೇಳಿದಳು: “ವಾಸಿ ಆಗ್ದೇ ಇರೋರೆಲ್ಲ ನನ್ನಂಗೇ ಮನೇಲಿ ಕೂತ್ಕೊಂಡ್ರೆ, ಅಲ್ಲಿ ಉಳಿಯೋರು ಯಾರೋ?”

“ವಾಸಿ ಆದೋರು.”

“ಆಗ ಆ ಗುಳಿಗೆ ಒಳ್ಳೇದು ಅಂತ ಬರೀತಾರೆ. ನನ್ನಂಥೋಳು ಇನ್ನೊಬ್ಬಳು ಅದನ್ನ ನುಂಗ್ತಾಳೆ. ಅಲ್ವೇನೋ?”

ತರಬೇತಿಯಲ್ಲಿ ಎರಡು ದಿನ ಪರದೆಯ ಮೇಲೆ ಗೆರೆ ಎಳೆದೆಳೆದು ನಮಗೆ ಹೇಳಿಕೊಟ್ಟದ್ದನ್ನು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅಕ್ಕ ಕೊಟ್ಟಿಗೆಯ ಮುಂದೆ ಕೂತು ತಾನೇ ಕಂಡುಕೊಂಡಿದ್ದಳು. “ಬರ್ತೀನಿ ಬಿಡು. ಆಟೋ ಹೇಳು” ಎಂದಳು. ಕೊನೆಯ ದಿನದವರೆಗೂ ಒಂದು ಸಲವೂ ತಪ್ಪಿಸಲಿಲ್ಲ.

ವರ್ಷ ಕಳೆದು ನಂಬರುಗಳ ಗುಟ್ಟು ಬಿಚ್ಚಿದರು. ಡಾಕ್ಟರಮ್ಮ ಊರಿಗೇ ಬಂದು ಹಾಲಿನ ಡೈರಿಯ ಮುಂದೆ ಎಲ್ಲರನ್ನೂ ಕೂರಿಸಿ, ಹೊಸ ಗುಳಿಗೆಯಿಂದ ಖಾಲಿ ಗುಳಿಗೆಗಿಂತ ಹೆಚ್ಚಿನ ಉಪಯೋಗ ಏನೂ ಇಲ್ಲ ಎಂದು ಹೇಳಿದರು. ಕೇಳಿದವರಿಗೆ ಅವರವರು ನುಂಗಿದ್ದೇನೆಂದೂ ತಿಳಿಸಿದರು. ಅಕ್ಕನಿಗೆ ಸಿಕ್ಕಿದ್ದು ಅಸಲಿ. ಗೌರಮ್ಮನಿಗೆ ಖಾಲಿ! “ಅಯ್ಯೋ, ಏನೂ ಇಲ್ದಿರೋದಕ್ಕೆ ಅಷ್ಟು ಹೊಗಳಿದ್ನಾ!” ಎಂದು ಗೌರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದೇ ನಕ್ಕಿದ್ದು.

“ಕಮ್ಮಿ ಆಗಿದ್ರೆ ಆಗಿದೆ ಅಂದ್ರಿ, ಇಲ್ದಿದ್ರೆ ಇಲ್ಲ ಅಂದ್ರಿ, ಕೊನೇವರೆಗೂ ಬಂದ್ರಿ. ಅದಕ್ಕೇ ಇವತ್ತು ನಾನು ಧೈರ್ಯವಾಗಿ ಇದನ್ನ ಹೇಳ್ತಿದೀನಿ” ಎಂದು ಡಾಕ್ಟರಮ್ಮ ಕೈಮುಗಿದರು. ಗುಣಪಡಿಸದ ಔಷಧಿಯ ಸಭೆಯಲ್ಲಿ ಹಿಗ್ಗಿ ಕೂತಿದ್ದ ಮನುಷ್ಯ ಯಾರಾದರೂ ಇದ್ದರೆ ಅದು ನಾನೇ. ಮುನಿರತ್ನಮ್ಮ ನನ್ನ ಅಕ್ಕ ಎಂದು ಪಕ್ಕದವನಿಗೆ ಎರಡು ಸಲ ಹೇಳಿದೆ. ಅವನು ಅದೇ ಊರಿನವನು, ಅವನಿಗೆ ಮೊದಲೇ ಗೊತ್ತಿತ್ತು.

ಈಗ ಅಕ್ಕನ ಮಂಡಿ ಸ್ವಲ್ಪ ಸುಧಾರಿಸಿದೆ. ಬಿಡದೆ ಮಾಡುವ ವ್ಯಾಯಾಮದಿಂದಲೋ, ಹಾಲು ಕರೆಯುವ ಕೆಲಸ ಸೊಸೆ ವಹಿಸಿಕೊಂಡಿದ್ದರಿಂದಲೋ ನಾನು ಹೇಳಲಾರೆ. ಒಬ್ಬಳ ಮಂಡಿ ನೋಡಿ ತೀರ್ಪು ಕೊಡುವ ಚಟವನ್ನು ಬಿಟ್ಟಿದ್ದೇನೆ.

ಮೊನ್ನೆ ದೇವನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮೈಕು ಹಿಡಿದು ಮಂಡಿನೋವಿನ ಎಣ್ಣೆ ಮಾರುತ್ತಿದ್ದ. ಹಚ್ಚಿದವರೆಲ್ಲ ಎದ್ದು ಓಡಾಡುತ್ತಿದ್ದಾರಂತೆ. ಅಕ್ಕ ನಿಂತು ಪೂರ್ತಿ ಕೇಳಿಸಿಕೊಂಡಳು.

“ಹಚ್ಚದೇ ಇದ್ದೋರು ಹೆಂಗವ್ರೆ ಕಣಪ್ಪ?”

ಅವನು ಮೈಕು ಕೆಳಗಿಳಿಸಿದ. “ಅವ್ರನ್ನ ಯಾರಮ್ಮಾ ಕೇಳ್ತಾರೆ?”

“ನಾವು ಕೇಳ್ತೀವಿ” ಎಂದ ಅಕ್ಕ, ಕಂಬಿ ಹಿಡಿದುಕೊಂಡು ಬಸ್ಸು ಹತ್ತಿದಳು. ಆ ‘ನಾವು’ ಎಂಬುದರಲ್ಲಿ ನನ್ನನ್ನೂ ಸೇರಿಸಿಕೊಂಡಳಲ್ಲ ಎಂದುಕೊಂಡು, ಎದೆಯುಬ್ಬಿಸಿ, ಅವಳ ಚೀಲ ಹಿಡಿದು ನಾನೂ ಹಿಂದೆಯೇ ಹತ್ತಿದೆ.