ಮೂಗಿ ಕೂಗಿದ ದಿನ

ಆ ಹಸುವಿಗೆ ಮೂಗಿ ಎಂಬ ಹೆಸರು ಬಂದದ್ದೇ ಅದು ಬಾಯಿ ಬಿಡದ ಪ್ರಾಣಿ ಎಂಬ ಕಾರಣಕ್ಕೆ. ಹಸಿದರೂ ಕೂಗದು, ಕಟ್ಟಿಹಾಕಿ ಮರೆತರೂ ಕೂಗದು. ಅದನ್ನು ಕರುವಾಗಿದ್ದಾಗಿನಿಂದ ಸಾಕಿ, ಅದರ ಹಾಲನ್ನು ಕಾಲೇಜಿನ ಕ್ಯಾಂಟೀನಿಗೆ ಹಾಕುತ್ತಿದ್ದ ಹೆಂಗಸನ್ನು ಬೀದಿಯವರೆಲ್ಲ ಹಾಲಕ್ಕ ಎನ್ನುತ್ತಿದ್ದರು. ಮಾತಿಗೆ ನಿಂತರೆ ಕೈಯಲ್ಲಿದ್ದ ಹಾಲು ಒಡೆಯುವವರೆಗೂ ಬಿಡದ ಈ ಸೊಸೆಗೆ ಮಾತು ಬಾರದ ಹಸುವೇ ತಕ್ಕ ಜೋಡಿ ಎಂದು ಅತ್ತೆ ಆಗಾಗ ಚುಚ್ಚುವುದಿತ್ತು.

ಅಂಥ ಮೂಗಿ ನಿನ್ನೆ ಸಂಜೆಯಿಂದ ಗಂಟಲು ಹರಿಯುವಂತೆ ಕೂಗುತ್ತಿತ್ತು.

ನಿನ್ನೆ ಮಧ್ಯಾಹ್ನ, ಹಿತ್ತಿಲಾಚೆಯ ಬಯಲಿನಲ್ಲಿ, ಪಾಳುಬಿದ್ದ ಇಟ್ಟಿಗೆ ಗೂಡಿನ ಬಳಿ ಅದು ಕರು ಹಾಕಿತ್ತು. ಹಾಲಕ್ಕ ಹೋಗಿ ನೋಡುವಷ್ಟರಲ್ಲಿ ಕರು ಎದ್ದು ನಿಂತಿತ್ತು. ಇಂಥ ಹೊತ್ತಿನಲ್ಲಿ ಕರುವನ್ನು ಕೈಗಾಡಿಯಲ್ಲಿ ಮಲಗಿಸಿ ಮುಂದೆ ತಳ್ಳಿಕೊಂಡು ಹೋಗುವುದು ಅವಳ ರೂಢಿ. ತಾಯಿ ತಾನಾಗಿ ಹಿಂದೆ ಬರುತ್ತದೆ. ಈ ಸಲ ಮೂಗಿ ಬರಲಿಲ್ಲ. ಕೊರಳಿಗೆ ಹಗ್ಗ ಹಾಕಿ ಎಳೆಯಬೇಕಾಯಿತು. ಹೆತ್ತ ಸುಸ್ತು ಎಂದುಕೊಂಡಳು.

ಬೆಳಿಗ್ಗೆ ಅವಳ ಗಂಡ ಹಿತ್ತಿಲ ಗೇಟಿನ ಅಗುಳಿಗೆ ಕೈ ಹಾಕಿದ್ದೇ ತಡ, ಮೂಗಿ ಗೂಟ ಕಿತ್ತುಕೊಂಡು ಬಂದು ಅವನನ್ನು ಗೋಡೆಗೆ ಒತ್ತಿತು. ಹೇಗೋ ನುಣುಚಿಕೊಂಡು ಒಳಗೆ ಬಂದು ಮಂಚದ ಮೇಲೆ ಬಿದ್ದುಕೊಂಡ. ವೃತ್ತಿಯಲ್ಲಿ ಅವನು ವೆಲ್ಡರ್. "ಊರಿಗೆಲ್ಲ ಬೆಸುಗೆ ಹಾಕಿದೆ. ಈಗ ನನ್ನ ಪಕ್ಕೆಲುಬಿಗೇ ಯಾರಾದ್ರೂ ಹಾಕ್ಬೇಕು," ಎಂದು ನರಳಿದ.

ಪಶುವೈದ್ಯರು ಹಿತ್ತಿಲ ಕಡೆಯಿಂದಲೇ ಬಂದರು. ಗೇಟಿನಿಂದ ಒಳಗೆ ಒಂದು ಕಾಲಿಟ್ಟರು, ಮರುಕ್ಷಣ ಆಚೆ ಹಾರಿ ಗೇಟು ಎಳೆದುಕೊಂಡರು. ಕೊಂಬು ಕಬ್ಬಿಣಕ್ಕೆ ಬಡಿದ ಸದ್ದು ಬೀದಿಗೆಲ್ಲ ಕೇಳಿಸಿತು.

"ಕರು ಕಳ್ಕೊಂಡಿದ್ರೆ ಹೀಗೆ ಕೂಗುತ್ತೆ. ಆದ್ರೆ ಕರು ಪಕ್ಕದಲ್ಲೇ ಇದೆ," ಎಂದರು ಅವರು, ಕಾಂಪೌಂಡಿನ ಆಚೆಯಿಂದ. "ನೀರು ಕುಡೀತಾ?"

"ಮುಟ್ಟಿಲ್ಲ ಸರ್," ಎಂದಳು ಹಾಲಕ್ಕ, ಹಿತ್ತಿಲ ಬಾಗಿಲಿನಿಂದ.

"ಜೊಲ್ಲು ಬೇರೆ ಸುರೀತಿದೆ. ಎರಡು ತಿಂಗಳ ಹಿಂದೆ ಈ ಬಯಲಲ್ಲಿ ಹುಚ್ಚುನಾಯಿ ಓಡಾಡ್ತಿತ್ತಲ್ಲ, ಇದನ್ನ ಕಚ್ಚಿರಬಹುದಾ?"

"ನಾನು ಕಂಡಿಲ್ಲ..."

"ನೀವು ಅದರ ಬಾಯಿಗೆ ಕೈ ಹಾಕಿದ್ರಾ?"

ಹಾಲಕ್ಕ ಕುಡುಗೋಲು ತಾಗಿ ಸೀಳಿದ್ದ ತನ್ನ ಅಂಗೈಯನ್ನು ಸೀರೆಯಲ್ಲಿ ಮುಚ್ಚಿಕೊಂಡಳು. ಗಂಟಲಲ್ಲಿ ಏನೋ ಸಿಕ್ಕಿರಬೇಕೆಂದು ರಾತ್ರಿ ಮೊಣಕೈವರೆಗೆ ಕೈ ಇಳಿಸಿದ್ದಳು.

"ಈಗಲೇ ಸೋಪು ಹಾಕಿ ತೊಳೀರಿ. ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸ್ಕೊಳ್ಳಿ. ಸಂಜೆ ನಮ್ಮ ಮೇಲಧಿಕಾರಿನ ಕರ್ಕೊಂಡು ಬರ್ತೀನಿ. ಆಗಲೂ ಹೀಗೇ ಇದ್ರೆ ಇದನ್ನ ಉಳಿಸೋ ಹಾಗಿಲ್ಲಮ್ಮ."

ಕೈ ತೊಳೆದು ಹಿತ್ತಿಲಿಗೆ ಬಂದಳು. ಅತ್ತೆ ಮೂಗಿಯ ಮೂತಿಯ ಬುಡದಲ್ಲೇ ಕುಕ್ಕರಗಾಲಲ್ಲಿ ಕೂತು ಗೋಣಿಯಿಂದ ಕರುವಿನ ಮೈ ಒರೆಸುತ್ತಿದ್ದರು.

"ಅತ್ತೇ, ಈಚೆ ಬನ್ನಿ!"

"ಯಾಕೆ ಹಾಗೆ ಕಿರುಚ್ತೀಯೆ? ಇದು ನನ್ನ ಮೂಸಿ ಕೂಡ ನೋಡ್ಲಿಲ್ಲ. ಗಂಡಸರನ್ನ ಕಂಡ್ರೆ ಆಗಲ್ಲ ಅಂತ ಕಾಣುತ್ತೆ. ಬುದ್ಧಿ ಇದೆ."

ಹಾಲಕ್ಕ ನಗಲಿಲ್ಲ. ಹೆತ್ತ ಹಸು ಕರುವಿನ ಮೈ ಮುಟ್ಟಿದವರನ್ನು ಮೊದಲು ಹಾಯಬೇಕು. ಇದು ಕರುವನ್ನು ಬಿಟ್ಟು ಗೇಟನ್ನು ಕಾಯುತ್ತಿದೆ. ಅತ್ತೆಯನ್ನು ಒಳಗೆ ಕಳಿಸಿ, ಗೋಡೆಗೆ ಬೆನ್ನು ತಾಗಿಸಿಕೊಂಡು ಗೇಟಿನತ್ತ ಜರುಗಿದಳು. ಮೂಗಿಯ ತಲೆ ತಗ್ಗಿತು. ಕರುವಿನತ್ತ ಸರಿದಳು. ತಲೆ ಮೇಲೆದ್ದು, ಕಣ್ಣು ಅವಳನ್ನು ದಾಟಿ ಬಯಲಿಗೆ ನೆಟ್ಟಿತು. ಮತ್ತೆ ಆ ಕೂಗು.

ನಿನ್ನೆ ಹಗ್ಗ ಎಳೆದ ತನ್ನ ತೋಳಿನ ನೋವು ಅವಳಿಗೆ ಆಗ ನೆನಪಾಯಿತು.

"ಏನ್ರೀ, ಗೇಟ್ ತೆಗೀತೀನಿ," ಎಂದು ಕಿಟಕಿಗೆ ಹೇಳಿದಳು.

"ತಲೆ ಕೆಟ್ಟಿದ್ಯೇನೆ? ಡಾಕ್ಟರ್ ಹೇಳಿದ್ದೇ ನಿಜ ಆಗಿದ್ರೆ? ಯಾರನ್ನಾದ್ರೂ ತಿವಿದ್ರೆ?"

ಅವಳು ಮುಂಬಾಗಿಲಿನಿಂದ ಸುತ್ತಿ ಬಯಲಿಗೆ ಹೋಗಿ, ಅಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ಬಿದಿರ ಗಳುವಿನ ತುದಿಯಿಂದ ಅಗುಳಿ ಸರಿಸಿ, ಗೇಟಿನ ಹಿಂದೆ ನಿಂತಳು.

ಮೂಗಿ ಅವಳತ್ತ ನೋಡಲಿಲ್ಲ, ಕರುವಿನತ್ತಲೂ ನೋಡಲಿಲ್ಲ. ನೇರ ಇಟ್ಟಿಗೆ ಗೂಡಿಗೆ ಓಡಿ, ಹಿಂದೊಮ್ಮೆ ಇಟ್ಟಿಗೆ ಸುಡುವ ಬೆಂಕಿಗೆಂದು ತೋಡಿದ್ದ ಕಾಲುವೆಯ ಅಂಚಿನಲ್ಲಿ ನಿಂತು ಕತ್ತು ಇಳಿಬಿಟ್ಟಿತು.

ಕಾಲುವೆಯ ಬೂದಿಯಲ್ಲಿ ಇನ್ನೊಂದು ಕರು ಬಿದ್ದಿತ್ತು. ಮೊದಲನೆಯದಕ್ಕಿಂತ ಸಣ್ಣದು. ಕಣ್ಣಿಗೆ ನೊಣ ಮುತ್ತಿದ್ದವು. ನೋಡುತ್ತಿದ್ದಂತೆ ಒಂದು ಕಿವಿ ಅಲುಗಿತು.

ನಿನ್ನೆ ಒಂದು ಕರು ಕಂಡದ್ದೇ ಸಾಕೆಂದು ಹೊರಟಿದ್ದಳು ಅವಳು. ಈಗ ತಾಯಿಗೂ ಕರುವಿಗೂ ನಡುವೆ ಬಾರದಂತೆ ಆಚೆ ತುದಿಯಿಂದ ಕಾಲುವೆಗೆ ಇಳಿದಳು. ಕರುವನ್ನೆತ್ತಿ ಅಂಚಿನ ಮೇಲಿಡುವಾಗ ಕೊಂಬಿನ ತುದಿ ಅವಳ ಕೆನ್ನೆಯ ಪಕ್ಕದಲ್ಲೇ ಇತ್ತು. ಮೂಗಿ ಕರುವನ್ನು ನೆಕ್ಕತೊಡಗಿತು. ಹಾಲಕ್ಕ ಗಿಣ್ಣುಹಾಲನ್ನು ಅಂಗೈಗೆ ಹಿಂಡಿ, ಬೆರಳನ್ನು ಅದ್ದಿ ಅದ್ದಿ ಕರುವಿನ ಬಾಯಿಗಿಟ್ಟಳು. ಬಹಳ ಹೊತ್ತಿನ ಮೇಲೆ ನಾಲಿಗೆ ಬೆರಳನ್ನು ಹಿಡಿಯಿತು.

ಗೇಟಿನ ಬಳಿ ಗಂಡ ಪಕ್ಕೆ ಹಿಡಿದುಕೊಂಡು ನಿಂತಿದ್ದ. "ಏನಾಯ್ತೇ? ಸದ್ದೇ ಇಲ್ವಲ್ಲ!"

"ಕೈಗಾಡಿ ತಳ್ಕೊಂಡು ಬರೋಕಾಗುತ್ತಾ ನೋಡಿ," ಎಂದಳು. ಹೊರಡುವ ಮುನ್ನ ಕಾಲುವೆಯ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನಡೆದು ನೋಡಿ ಬಂದಳು. ದಾರಿಯಲ್ಲಿ ಹಗ್ಗ ಬೇಕಾಗಲಿಲ್ಲ. ಮನೆ ತಲುಪಿದ ಮೂಗಿ ನೀರಿನ ತೊಟ್ಟಿಗೆ ಬಾಯಿ ಹಾಕಿ ತಳ ಕಾಣುವವರೆಗೂ ತಲೆ ಎತ್ತಲಿಲ್ಲ. ಆದರೂ ಹಾಲಕ್ಕ ಸೂಜಿ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಹೊರಟಳು.